ಕಂಪನಿ ಅಂಗಿ

"ಎದೆ ಒಳಗೆ ಏನೇ ಬಚ್ಚಿಟ್ಟಿದೀಯ? ತೆಗಿ ಆಚೆಗೆ, ಕಳ್ಳ ಮುಂಡೆ! ನೀನೇ ತೆಗೀತೀಯೋ, ನಾನು ಕೈ ಹಾಕ್ಲೋ?"

ಗೇಟಿನ ಮುಂದೆ ಸಾಲಾಗಿ ನಿಂತಿದ್ದ ಹೆಂಗಸರೆಲ್ಲ ನೆಲ ನೋಡಿದೆವು. ಮೇಸ್ತ್ರಿಗೆ ಕೈ ಹಾಕುವ ಚಪಲವೂ ಇತ್ತು. ಅತ್ತಿಗೆ ತಾನೇ ತೆಗೆದು ಅವನ ಮೂಗಿನ ಹತ್ತಿರ ಹಿಡಿದಳು. ಅಂಗೈಯಗಲದ, ಇನ್ನೂ ಮಾಸದ ಹತ್ತಿ ಬಟ್ಟೆ. ಬಂದೂಕಿನ ನಳಿಗೆ ಉಜ್ಜಲು ನಮ್ಮ ಪಾಲಿಶ್ ಶೆಡ್ಡಿಗೆ ಬರುವ ಬಟ್ಟೆ ಅದು. ಉಜ್ಜಿ ಕರಿಹಿಡಿದ ಮೇಲೆ ಸುಟ್ಟು ಹಾಕುತ್ತಾರೆ, ಆದರೆ ಒಂದು ಚೂರೂ ಮನೆಗೆ ಹೋಗಕೂಡದು.

"ಗಂಡನ ಗಾಯಕ್ಕೆ ಕಣಣ್ಣ. ಮನೇಲಿದ್ದ ಹಳೇ ಬಟ್ಟೆಯೆಲ್ಲ ಹರಿದು ಮುಗೀತು."

"ಅವನ ಕೀವು ಒರಸೋಕೆ ಕಂಪನಿ ಬಟ್ಟೆ ಬೇಕೇನೇ?" ಎಂದು ಅದನ್ನು ಕಿತ್ತು ನೆಲಕ್ಕೆ ಹಾಕಿ, ಮೇಲೆ ಉಗಿದು, ಚಪ್ಪಲಿಯಲ್ಲಿ ಹೊಸಕಿದ.

ಆ ಗಂಡ ನನ್ನ ಅಣ್ಣ. ಕೂಲಿ ಹೆಚ್ಚಿಸಿ ಎಂದು ಇದೇ ಗೇಟಿನ ಮುಂದೆ ಕೂತಿದ್ದಾಗ ಕಾವಲುಗಾರನ ಗುಂಡು ಅವನ ತೊಡೆ ಸೀಳಿತು. ನಾವೇ ಉಜ್ಜಿ ಹೊಳಪು ಕೊಟ್ಟ ಬಂದೂಕು. ಗುಂಡು ತಾನಾಗಿ ಹಾರಿತು ಎಂದು ಕಂಪನಿ ಹೇಳಿತು, ಪೊಲೀಸರು ತಲೆಯಾಡಿಸಿದರು. ಗಾಯ ಇನ್ನೂ ಮಾಗಿಲ್ಲ. ದಿನಾ ಶುದ್ಧ ಬಟ್ಟೆ ಕಟ್ಟದಿದ್ದರೆ ಕಾಲನ್ನೇ ಕತ್ತರಿಸಬೇಕಾಗುತ್ತದೆ ಎಂದು ನರ್ಸಮ್ಮ ಹೆದರಿಸಿದ್ದಾಳೆ.

ಮಾರನೆಯ ದಿನ ಅದೇ ಮೇಸ್ತ್ರಿ ಅಂಗಿಗಳ ಗಂಟು ಹೊತ್ತು ಶೆಡ್ಡಿಗೆ ಬಂದ. ಬಿಳಿ ಅಂಗಿ, ಎದೆಯ ಮೇಲೆ ಕರಿ ಬಂದೂಕು, ಕೆಳಗೆ ಕಂಪನಿ ಹೆಸರು. ಮುಂಬಾಗಿಲ ಗಾಜಿನ ಅಂಗಡಿಯಲ್ಲಿ ಇಂಥವನ್ನೇ ಮಾರುತ್ತಾರೆ. ಕಾರಿನಲ್ಲಿ ಬಂದವರು ಟೋಪಿ, ಅಂಗಿ, ಲೋಟ ಅಂತ ಮುಗಿಬಿದ್ದು ಕೊಳ್ಳುತ್ತಾರೆ. ಕೈಯಿಂದ ದುಡ್ಡು ಕೊಟ್ಟು ಇನ್ನೊಬ್ಬನ ಬೋರ್ಡು ಎದೆಗೆ ತಗುಲಿಸಿಕೊಳ್ಳುವುದರಲ್ಲಿ ಅದೇನು ಸುಖವೋ! ಅಂಗಡಿ ಗೋಡೆಯಿಂದ ಬಂದೂಕು ಇಳಿಸಿಕೊಂಡು ಹಸುಗೂಸಿನ ಹಾಗೆ ಸವರುವವರನ್ನೂ ಕಂಡಿದ್ದೇನೆ. ನನಗಂತೂ ಅದರ ಎಣ್ಣೆ ಉಗುರಿನ ಸಂದಿಯಿಂದ ಹೋಗುವುದೇ ಇಲ್ಲ, ಉಂಡ ಅನ್ನವೆಲ್ಲ ಅದೇ ನಾತ.

"ನಾಳೆ ದೊಡ್ಡ ಸಾಹೇಬ್ರ ಜೊತೆ ಫೋಟೋ. ಎಲ್ರೂ ಇದನ್ನ ಹಾಕ್ಕೊಂಡು ಬರ್ಬೇಕು. ದುಡ್ಡು ಸಂಬಳದಲ್ಲಿ ಹಿಡ್ಕೋತೀವಿ."

"ನಂಗೆ ಬೇಡ," ಎಂದಳು ಅತ್ತಿಗೆ.

"ಬೇಡ್ವಾ? ಹಂಗಾರೆ ಕೆಲ್ಸಾನೂ ಬೇಡ ಅನ್ನು. ದೊಡ್ಡೋರು ಸಾಲುಗಟ್ಟಿ ತಗೊಳೋ ಬಟ್ಟೆ ಕಣೇ ಇದು. ಭಿಕಾರಿ ನನ್ಮಕ್ಳಿಗೆ ಏನು ಕೊಟ್ರೂ ಅಷ್ಟೇ."

ಅತ್ತಿಗೆ ತೆಗೆದುಕೊಂಡಳು. ನಾನೂ ತೆಗೆದುಕೊಂಡೆ.

ಮನೆಯೆಂದರೆ ನಮ್ಮದು ಒಂದೇ ಕೋಣೆ. ಅಣ್ಣನ ಮಂಚ, ಪಕ್ಕದಲ್ಲೇ ಒಲೆ. ಅತ್ತಿಗೆ ನೀರು ಕಾಯಿಸಿ, ಗಾಯಕ್ಕೆ ಅಂಟಿದ್ದ ಚಿಂದಿಯನ್ನು ನೆನೆಸಿ ಬಿಡಿಸಿದಳು. ಆಮೇಲೆ ಹೊಸ ಅಂಗಿಯನ್ನು ಕೊಡವಿದಳು.

"ಥೂ, ಆ ದರಿದ್ರ ನನ್ನ ಮೈಮೇಲೆ ಬೇಡ," ಅಣ್ಣ ಮುಖ ತಿರುಗಿಸಿದ.

"ನನ್ನ ಬೆವರಿನ ದುಡ್ಡಿಂದು. ಒಳ್ಳೆ ಹತ್ತಿ ಐತೆ. ಸುಮ್ನೆ ಕಾಲೆತ್ತಿ."

ಸುತ್ತಿ, ಎರಡು ತೋಳುಗಳನ್ನೂ ಎಳೆದು ಗಂಟು ಹಾಕಿದಳು. ಬಂದೂಕಿನ ಚಿತ್ರ ಗಾಯದ ಮೇಲೆಯೇ ಬಂತು. ಅಣ್ಣ ಬಗ್ಗಿ ನೋಡಿ ನಕ್ಕುಬಿಟ್ಟ. "ನೋಡೇ, ಗುರುತು ಹಿಡ್ಕೊಂಡು ಬಂದು ಕೂತೈತೆ."

ಫೋಟೋದ ದಿನ ಬೆಳಿಗ್ಗೆ ಅದನ್ನು ಬಿಚ್ಚಿದಳು. ಹಳದಿ, ಕಂದು, ನಡುವೆ ಹಸಿರು. ಬಕೆಟ್ಟಿನ ಕಡೆ ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ಹಾಗೆಯೇ ತಲೆಯ ಮೇಲಿಂದ ಇಳಿಸಿಕೊಂಡಳು.

"ಅತ್ತಿಗೆ, ಬೇಡ. ಕೆಲ್ಸ ಹೋಗ್ತದೆ."

"ಹಾಕ್ಕೊಂಡು ಬಾ ಅಂದ್ರಲ್ಲ, ಹಾಕ್ಕೊಂಡಿದೀನಿ."

ಅಣ್ಣ ಈ ಸಲ ತಾನೇ ಕಾಲೆತ್ತಿಕೊಟ್ಟ. ನನ್ನ ಅಂಗಿಯನ್ನು ಅವನ ತೊಡೆಗೆ ಕಟ್ಟಿ, ನಾನು ದಿನದ ಬಟ್ಟೆಯಲ್ಲೇ ಹೊರಟೆ. ಇಬ್ಬರೂ ಮೇಲೆ ಶಾಲು ಹೊದ್ದೆವು.

ಕಾರ್ಖಾನೆಯ ಅಂಗಳದಲ್ಲಿ ದೊಡ್ಡ ಸಾಹೇಬ ಕ್ಯಾಮೆರಾದವನ ಮುಂದೆ ಹೊಸ ಬಂದೂಕು ಎತ್ತಿ ಹಿಡಿದು ಮಾತಾಡುತ್ತಿದ್ದ. "ಬಂದೂಕು ಅಂದ್ರೆ ಜನ ಸುಮ್ನೆ ಹೆದರ್ತಾರೆ. ಇದು ಕಲೆ ಕಣ್ರಮ್ಮ! ಇದರ ಹೊಳಪೆಲ್ಲ ನಿಮ್ಮ ಕೈಯಿಂದು. ಬಾಮ್ಮ, ನೀನು ಬಾ ಮುಂದೆ." ಮುಂದಿನ ಸಾಲಿಗೆ ನುಗ್ಗಿ ನಿಂತಿದ್ದ ಅತ್ತಿಗೆಯನ್ನೇ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು, ಹೆಗಲ ಮೇಲೆ ಕೈ ಹಾಕಿದ.

ಅತ್ತಿಗೆ ಶಾಲು ಜಾರಿಸಿದಳು.

ಸಾಹೇಬ ಮುಖ ಸಿಂಡರಿಸಿದ. "ಏನಿದು? ಏನ್ ನಾತ ಇದು?"

"ನಿಮ್ ಬಂದೂಕು ಹೊಡೆದ ಜಾಗದ್ದು, ಸಾಹೇಬ್ರೇ. ನನ್ ಗಂಡನ ತೊಡೇದು."

ಮೇಸ್ತ್ರಿ ಓಡಿ ಬಂದ. "ಬಿಚ್ಚೇ ಅದನ್ನ, ಹಲ್ಕಾ!"

"ಯಾಕೆ ಬಿಚ್ಚಲಿ? ಸಂಬಳದಲ್ಲಿ ದುಡ್ಡು ಹಿಡ್ಕೊಳ್ಳಲ್ವಾ? ನನ್ನ ಅಂಗಿ ಇದು!"

ಸಾಹೇಬ ಕೈ ಎಳೆದುಕೊಳ್ಳಲು ನೋಡಿದ. ಅತ್ತಿಗೆ ಆ ಮಣಿಕಟ್ಟನ್ನು ಹಿಡಿದು, ಒದ್ದೆಯಾಗಿದ್ದ ಕಡೆಗೇ ಒತ್ತಿದಳು. ನಳಿಗೆ ಉಜ್ಜಿ ಉಜ್ಜಿ ಗಟ್ಟಿಯಾದ ಕೈ, ಅವನಿಂದ ಬಿಡಿಸಿಕೊಳ್ಳಲಾಗಲಿಲ್ಲ. ನಾನು ಹೋಗಿ ಅವಳ ಇನ್ನೊಂದು ಪಕ್ಕ ನಿಂತೆ.

"ತೆಗಿಯಪ್ಪಾ ಫೋಟೋ," ಎಂದಳು.