ಕೆಳಗಿನ ಬೀದಿಗೆಲ್ಲ ಒಂದೇ ನಂಬರು

ಕೋನೇಟಿಹಳ್ಳಿಯ ಕೆಳಗಿನ ಬೀದಿಯಲ್ಲಿ ಯಾರಿಗೆ ಏನು ಬೇಕೆಂದು ತಿಳಿಯಲು ಮನೆಮನೆ ಸುತ್ತಬೇಕಾಗಿಲ್ಲ, ಮುನಿಲಕ್ಷ್ಮಿಯೊಬ್ಬಳನ್ನು ಕೇಳಿದರೆ ಸಾಕು. ಹಾಗೆಂದು ಊರು ಹೇಳುತ್ತಿತ್ತೋ ಇಲ್ಲವೋ, ಮುನಿಲಕ್ಷ್ಮಿಯಂತೂ ಹೇಳುತ್ತಿದ್ದಳು. ಹೇಳಿಕೊಳ್ಳಲಿ ಬಿಡಿ, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹೆಂಗಸರ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆಯುವವಳು ಅವಳು. ಯಾರದೋ ಪಿಂಚಣಿ ನಿಂತರೆ, ರೇಷನ್ ಕಾರ್ಡಿನಲ್ಲಿ ಹೆಸರು ಬಿಟ್ಟುಹೋದರೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಪಂಚಾಯ್ತಿ ಬಾಗಿಲಲ್ಲಿ ನಿಲ್ಲುವವಳೂ ಅವಳೇ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಗಂಡ ನರಸಿಂಹಪ್ಪ ಗೊಣಗಿದರೆ, "ಮಾರಿಗೆ ವರ್ಷಕ್ಕೊಂದು ಕೋಳಿನಾದ್ರೂ ಕೊಡ್ತಾರೆ, ನೀನೇನ್ ಕೊಟ್ಟಿದ್ದೀಯಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಹಿಂದೊಮ್ಮೆ ಪಂಚಾಯ್ತಿಯವರು ಪ್ರತಿ ಮನೆಗೂ ಒಂದೊಂದು ಫೋನ್ ನಂಬರು ಬರೆದುಕೊಳ್ಳಲು ಬಂದಿದ್ದರು. ಕೆಳಗಿನ ಬೀದಿಯ ಗಂಡಸರ ಫೋನು ಗಂಡಸರ ಜೊತೆಗೇ ಮಾಲೂರಿನ ಇಟ್ಟಿಗೆ ಗೂಡಿಗೆ ಹೋಗಿಬಿಡುತ್ತದೆ. ಮನೆಯಲ್ಲುಳಿದ ಫೋನಿಗೆ ಚಾರ್ಜಿದ್ದರೆ ಕರೆನ್ಸಿ ಇಲ್ಲ, ಕರೆನ್ಸಿ ಇದ್ದರೆ ಚಾರ್ಜಿಲ್ಲ. "ಡೇರಿ ಮುನಿಲಕ್ಷ್ಮಿ ನಂಬರೇ ಬರ್ಕೊಳಪ್ಪ, ಏನ್ ಬಂದ್ರೂ ಓದಿ ಹೇಳ್ತಾಳೆ" ಎಂದು ಮೊದಲ ಮನೆಯ ಮುತ್ಯಾಲಮ್ಮಜ್ಜಿ ಹೇಳಿದ್ದೇ ತಡ, ಮಿಕ್ಕವರೆಲ್ಲ ಅದನ್ನೇ ಹೇಳಿದರು. ಬರೆದುಕೊಂಡ ಮಹಾನುಭಾವನಾದರೂ 'ಇದೇನಿದು, ಬೀದಿಗೆಲ್ಲ ಒಂದೇ ನಂಬರಾ' ಎಂದು ಕೇಳಬೇಕೋ ಬೇಡವೋ? ಕೇಳಲಿಲ್ಲ.

ಈ ವರ್ಷ ಹೊಸ ಪಿಡಿಒ ಆಶಾರಾಣಿ ಬಂದಳು. ಪಂಚಾಯ್ತಿಗೆ ಬಂದ ಹಣದಲ್ಲಿ ಒಂದು ದೊಡ್ಡ ಕೆಲಸವಾಗುತ್ತದೆ, ಯಾವುದೆಂದು ಊರೇ ಫೋನಿನಲ್ಲಿ ಆರಿಸಲಿ ಎಂದು ಗ್ರಾಮಸಭೆಯಲ್ಲಿ ಹೇಳಿದಳು. ಮನೆಗೊಂದು ಓಟು. ಪಂಚಾಯ್ತಿ ಕಳಿಸಿದ ಲಿಂಕಿನಲ್ಲಿ ಮನೆ ನಂಬರು ಹಾಕಿದರೆ ಫೋನಿಗೆ ಓಟಿಪಿ ಬರುತ್ತದೆ. ಅದನ್ನು ಹಾಕಿದರೆ ಮೂರು ಚಿತ್ರ ಕಾಣಿಸುತ್ತವೆ: ಫಿಲ್ಟರ್ ನೀರಿನ ಘಟಕ, ಕ್ರಾಸಿನಿಂದ ಊರಿಗೆ ಬರುವ ರಸ್ತೆಗೆ ದೀಪ, ಊರಬಾಗಿಲಿಗೆ ಕಮಾನು. ಒಂದನ್ನು ಒತ್ತಿದರೆ ಮುಗಿಯಿತು, ಆಮೇಲೆ ಬದಲಾಯಿಸುವ ಹಾಗಿಲ್ಲ. ಭಾನುವಾರ ಸಂಜೆಗೆ ಗಡುವು.

ಕಮಾನು ಬೇಕೆಂದದ್ದು ಮೇಲಿನ ಬೀದಿಯ ಮೆಂಬರು ಅಮರನಾಥ್. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ದೀಪವನ್ನು ಆಶಾರಾಣಿಯೇ ಸೇರಿಸಿದ್ದಳು. ನೀರಿನ ಘಟಕ ಮಾತ್ರ ಮುನಿಲಕ್ಷ್ಮಿಯದು. ಅದಕ್ಕಾಗಿ ಅವಳು ಕೋಲಾರದ ಕಚೇರಿಗಳಿಗೆ ಚಪ್ಪಲಿ ಸವೆಯುವಷ್ಟು ಓಡಾಡಿದ್ದಳು. ಪಕ್ಕದೂರಿನಿಂದ ನೀರಿನ ಕ್ಯಾನು ಹೊತ್ತು ತರುವ ಹೆಂಗಸರ ಸೊಂಟನೋವು ನೋಡಿ ನೋಡಿ ಅವಳ ಹೊಟ್ಟೆ ಉರಿದಿತ್ತು. ಈ ಸಲ ಬಿಟ್ಟರೆ ಇನ್ನು ಯಾವ ಕಾಲಕ್ಕೋ.

ಲಿಂಕು ಬಂದ ಸಂಜೆ ಮುನಿಲಕ್ಷ್ಮಿ ಜಗಲಿಯಲ್ಲಿ ಕೂತು, ಹೇಗೋ ನೋಡೋಣವೆಂದು ಪಕ್ಕದ ಮನೆ ಭಾರತಮ್ಮನ ಮನೆ ನಂಬರು ಹಾಕಿದಳು. ಓಟಿಪಿ ಟಣ್ಣನೆ ಅವಳ ಫೋನಿಗೇ ಬಂತು. ನೀರಿನ ಚಿತ್ರ ಒತ್ತಿದಳು. 'ನಿಮ್ಮ ಅಭಿಪ್ರಾಯ ದಾಖಲಾಗಿದೆ, ಧನ್ಯವಾದ' ಎಂದಿತು ಫೋನು.

"ಏಯ್, ನೋಡಿಲ್ಲಿ!" ಎಂದು ಗಂಡನಿಗೆ ಫೋನು ತೋರಿಸಿದಳು. "ಬೀದಿ ಓಟೆಲ್ಲ ನನ್ ಕೈಲೇ ಐತೆ. ಅಮರನಾಥನ ಕಮಾನು ಮಲಗ್ತು ಅಂದ್ಕೋ."

"ಅವ್ರನ್ನ ಒಂದ್ಮಾತು ಕೇಳಲ್ವಾ?" ಎಂದ ನರಸಿಂಹಪ್ಪ.

"ಕೇಳೋದೇನು? ನೀರು ಬೇಡ ಅನ್ನೋರು ಯಾರವ್ರೆ?"

ಅಷ್ಟರಲ್ಲಿ ಭಾರತಮ್ಮ ಹಾಲಿನ ಪಾತ್ರೆ ಹಿಡಿದು ಅತ್ತ ಬಂದಳು. ಅವಳೆಂಥ ಹೆಂಗಸೆಂದರೆ, ಇಷ್ಟು ವರ್ಷ ಗೋಡೆಗೆ ಗೋಡೆ ಅಂಟಿಸಿಕೊಂಡು ಬಾಳಿದರೂ ಅವಳ ದನಿ ಏರಿದ್ದನ್ನು ಯಾರೂ ಕೇಳಿರಲಿಲ್ಲ. ಗ್ರಾಮಸಭೆಯಲ್ಲಿ ಕಂಬದ ಹಿಂದೆ ಕೂರುವವಳು. ಮುನಿಲಕ್ಷ್ಮಿ ಖುಷಿಯಿಂದ, "ನಿನ್ ಓಟು ಹಾಕ್ಬಿಟ್ಟೆ ಕಣೇ, ನೀರಿಗೆ" ಎಂದಳು.

ಭಾರತಮ್ಮ ಪಾತ್ರೆ ಕೆಳಗಿಟ್ಟಳು.

"ನಂಗೆ ನೀರು ಬೇಕು ಅಂತ ಯಾರು ಹೇಳಿದ್ರು ನಿಂಗೆ?"

"ಯಾಕೆ, ಬೇಡ್ವಾ?"

"ನಂಗೆ ದೀಪ ಬೇಕಾಗಿತ್ತು." ಭಾರತಮ್ಮನ ದನಿ ಏರಿತ್ತು. "ನೀರು ಎಷ್ಟು ದೂರ ಇದ್ರೂ ಹೊತ್ಕೊಂಡ್ ಬರ್ತೀನಿ. ನನ್ ಸೊಸೆನ ಹೊತ್ಕೊಂಡ್ ಬರಕ್ಕಾಗುತ್ತಾ?"

ಆಮೇಲೆ ಅವಳು ಜಗಲಿಯ ಅಂಚಿಗೆ ಕೂತು, ದನಿ ತಗ್ಗಿಸಿ ಹೇಳಿದಳು. ಸೊಸೆ ದಿವ್ಯ ಮಾಲೂರಿನ ಕಡೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳಲ್ಲ, ಕಂಪನಿ ಬಸ್ಸು ಅವಳನ್ನು ಕ್ರಾಸಿನಲ್ಲಿ ಇಳಿಸುವ ಹೊತ್ತಿಗೆ ಕತ್ತಲಾಗಿರುತ್ತದೆ. ಅಲ್ಲಿಂದ ಊರಿಗೆ ನೀಲಗಿರಿ ತೋಪಿನ ದಾರಿ. ಹೋದ ತಿಂಗಳು ಯಾವನೋ ಬೈಕಿನಲ್ಲಿ ತೋಪಿನ ತಿರುವಿನವರೆಗೂ ಹಿಂದೆ ಬಿದ್ದಿದ್ದ. ಅಂದಿನಿಂದ ಭಾರತಮ್ಮ ದಿನಾ ಸಂಜೆ ಹಸುವಿಗೆ ಹುಲ್ಲು ತರುವ ನೆವ ಹೇಳಿ ಕುಡುಗೋಲು ಹಿಡಿದು ತಿರುವಿನಲ್ಲಿ ನಿಲ್ಲುತ್ತಾಳೆ.

"ಮಗನಿಗೆ ಗೊತ್ತಾದ್ರೆ ಕೆಲ್ಸಾನೇ ಬಿಡಿಸ್ತಾನೆ. ಆ ಹುಡ್ಗಿ ಆಸೆ ಪಟ್ಟು ಹೋಗ್ತಾಳೆ ಕಣೇ ಕೆಲ್ಸಕ್ಕೆ. ಅದಕ್ಕೇ ಬಾಯಿ ಬಿಟ್ಟಿಲ್ಲ. ಫೋನಲ್ಲಾದ್ರೆ ಯಾರಿಗೂ ಹೇಳ್ದೆ ಒತ್ತಬೋದಲ್ಲ ಅಂದ್ಕೊಂಡಿದ್ದೆ. ಅದನ್ನೂ ನೀನೇ ಒತ್ಬಿಟ್ಟೆ."

ಪಾತ್ರೆ ಎತ್ತಿಕೊಂಡು ಹೊರಟೇಹೋದಳು. ಭಾರತಮ್ಮ ಕುಡುಗೋಲು ಹಿಡಿದು ಹೋಗುವುದನ್ನು ಮುನಿಲಕ್ಷ್ಮಿ ದಿನಾ ನೋಡಿದ್ದಳು, ಹಸಿಹುಲ್ಲಿನ ಕಾಲವಲ್ಲವೆಂಬುದೂ ಅವಳಿಗೆ ಗೊತ್ತಿತ್ತು. ಆದರೂ ಒಂದು ದಿನವೂ 'ಎಲ್ಲಿಗೇ?' ಎಂದು ಕೇಳಿರಲಿಲ್ಲ. ಬೀದಿಯ ಬಾಯಿ ತಾನೆಂದು ಮೆರೆದವಳಿಗೆ ಕಿವಿಯೇ ಇರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಆಶಾರಾಣಿಗೆ ಫೋನು ಮಾಡಿ ಇದ್ದದ್ದು ಇದ್ದಹಾಗೆ ಹೇಳಿದಳು. "ಒತ್ತಿದ್ದು ಒತ್ತಿದ್ದೇ, ಮುನಿಲಕ್ಷ್ಮಮ್ಮ. ತೆಗೆಯೋಕಾಗಲ್ಲ" ಎಂದಳು ಆಶಾರಾಣಿ. "ಉಳಿದವ್ರು ಬೇಕಾದ್ರೆ ನಿಮ್ ಫೋನಲ್ಲೇ ಒತ್ಲಿ. ಆದ್ರೆ ಅವರವರೇ ಬಂದು ಒತ್ಬೇಕು."

ಮಾರನೆಯ ಬೆಳಿಗ್ಗೆ ಡೇರಿಗೆ ಅಮರನಾಥ್ ಬಂದ. ಅವನಿಗೆ ಸುದ್ದಿ ಹೇಗೆ ಮುಟ್ಟಿತೋ. "ಏನ್ ಮುನಿಲಕ್ಷ್ಮಕ್ಕ, ಒಬ್ಬೊಬ್ರನ್ನೂ ಕರೆದು ಕೇಳ್ತೀಯಂತೆ? ಕೇಳು, ಕೇಳು. ಅರ್ಧ ನೀರು, ಅರ್ಧ ದೀಪ. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ. ನಮ್ ಬೀದಿ ಮಾತ್ರ ಒಂದೇ ಮಾತು, ಕಮಾನು."

ಅವನು ನಗುತ್ತಾ ಹೋದ. ಅವನು ಹೇಳಿದ್ದರಲ್ಲಿ ತಪ್ಪೇನಿತ್ತು? ಓಟು ಒಡೆದರೆ ಕಮಾನೇ ಗೆಲ್ಲುತ್ತದೆ. ಎಲ್ಲವನ್ನೂ ತಾನೇ ನೀರಿಗೆ ಒತ್ತಿದರೆ ಘಟಕ ಬಂದೇ ಬರುತ್ತದೆ, ನಾಳೆ ಬೀದಿಯವರೂ ಹೊಗಳುತ್ತಾರೆ. ಮುನಿಲಕ್ಷ್ಮಿಯ ಬೆರಳು ಫೋನಿನ ಮೇಲೇ ಇತ್ತು. ಅಷ್ಟರಲ್ಲಿ ಹಾಲಿನ ಸಾಲಿನಲ್ಲಿ ನಿಂತಿದ್ದ ಭಾರತಮ್ಮ ಕಣ್ಣಿಗೆ ಬಿದ್ದಳು. ಅವಳು ಇತ್ತ ನೋಡುತ್ತಲೂ ಇರಲಿಲ್ಲ.

"ಹೋಗ್ಲಿ, ಕಮಾನೇ ಬಂದ್ರೆ ಅದರ ಕೆಳಗೇ ಕ್ಯಾನು ಹೊತ್ಕೊಂಡು ಓಡಾಡೋಣ" ಎಂದು ಗಟ್ಟಿಯಾಗಿ ಹೇಳಿ ಮುನಿಲಕ್ಷ್ಮಿ ಎದ್ದು ನಿಂತಳು. "ಎಲ್ರೂ ಕೇಳ್ರಮ್ಮಾ! ಹಾಲು ಹಾಕಿದ್ಮೇಲೆ ಒಬ್ಬೊಬ್ರೇ ಒಳಗೆ ಬನ್ನಿ. ನಿಮ್ ಓಟಿಪಿ ಹಾಕಿ ಫೋನು ಕೈಗೆ ಕೊಡ್ತೀನಿ. ಹಾಲಿನ ಕ್ಯಾನುಗಳ ಹಿಂದೆ ಹೋಗಿ ನಿಮಗೆ ಬೇಕಾಗಿದ್ದು ನೀವೇ ಒತ್ತಿ. ನಂಗೂ ಹೇಳ್ಬೇಡಿ, ನಿಮ್ ಅತ್ತೆಗೂ ಹೇಳ್ಬೇಡಿ."

ನಗೆಯೆದ್ದಿತು. ಅತ್ತೆಯರು ಮಾತ್ರ ನಗಲಿಲ್ಲ. ಮುತ್ಯಾಲಮ್ಮಜ್ಜಿ ಕ್ಯಾನುಗಳ ಹಿಂದಿನಿಂದಲೇ, ಫೋನಿನ ಚಿತ್ರಕ್ಕೆ ಬೆರಳಿಟ್ಟು ತನ್ನ ತೆಲುಗು ಬೆರೆತ ಕನ್ನಡದಲ್ಲಿ, "ಏಮೇ ಮುನಿಲಕ್ಷ್ಮಿ, ಈ ಬೊಮ್ಮ ಏನೇ? ಬಾಗ್ಲಾ, ಕಮಾನಾ?" ಎಂದು ಕೂಗಿದಳು. "ಕಮಾನು ಅಜ್ಜಿ, ಮೆಲ್ಲಗೆ!" ಎಂದರೆ, "ಥೂ, ಅದ್ಯಾವನಿಗ್ ಬೇಕು!" ಎಂದು ಡೇರಿಗೆಲ್ಲ ಕೇಳುವಂತೆ ಉಗಿದು ಇನ್ನೇನನ್ನೋ ಒತ್ತಿ ಬಂದಳು. "ಓಟು ಬೇಕಾದಷ್ಟು ಹಾಕಿದ್ದೀನಿ. ನಿಂಗೇನ್ ಬೇಕಮ್ಮಾ ಅಂತ ಕೇಳಿದ್ದು ಇದೇ ಮೊದ್ಲು" ಎಂದು ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.

ಭಾನುವಾರ ಸಂಜೆ ಹಾಲು ಅಳೆದು ಮುಗಿಯುವ ಹೊತ್ತಿಗೆ ಬೀದಿಯವರದ್ದೆಲ್ಲ ಆಗಿತ್ತು. ಉಳಿದದ್ದು ಒಂದೇ ಮನೆ, ಮುನಿಲಕ್ಷ್ಮಿಯದು. ಭಾರತಮ್ಮ ಪಾತ್ರೆ ತೊಳೆದು ಹೊರಟಿದ್ದಳು. ಮುನಿಲಕ್ಷ್ಮಿ ಅವಳ ಕೈ ಹಿಡಿದು ನಿಲ್ಲಿಸಿ, ತನ್ನ ಮನೆ ನಂಬರು ಹಾಕಿ, ಓಟಿಪಿ ತುಂಬಿ, ಫೋನು ಅವಳ ಕೈಗಿಟ್ಟಳು.

"ನಿನ್ ಓಟು ನಾನ್ ಹಾಕ್ದೆ. ನನ್ ಓಟು ನೀನ್ ಹಾಕು."

"ನಿನ್ ನೀರು?" ಎಂದಳು ಭಾರತಮ್ಮ.

"ನೀರಿಗೆ ನಿನ್ನದು ಬಿದ್ದೈತಲ್ಲ. ಬಾಕಿ ತೀರಿಸ್ಬೇಡ್ವಾ? ಒತ್ತು, ಟೈಮ್ ಆಗುತ್ತೆ."

ಭಾರತಮ್ಮ ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ದೀಪವನ್ನು ಒತ್ತಿದಳು. ಇಬ್ಬರೂ ಅತ್ತರು, ಆಮೇಲೆ ಅತ್ತಿದ್ದಕ್ಕೆ ಒಬ್ಬರನ್ನೊಬ್ಬರು ಬೈದುಕೊಂಡರು.

ಸೋಮವಾರ ಪಂಚಾಯ್ತಿ ಅಂಗಳದಲ್ಲಿ ಸಭೆ ಸೇರಿತು. ಅಮರನಾಥ್ ಇಸ್ತ್ರಿ ಅಂಗಿ ತೊಟ್ಟು ಮುಂದಿನ ಕುರ್ಚಿಯಲ್ಲಿ ಕೂತಿದ್ದ. ಆಶಾರಾಣಿ ಓದಿದಳು: ಮೊದಲು ದೀಪ, ಸ್ವಲ್ಪದರಲ್ಲೇ ಹಿಂದೆ ಕಮಾನು, ಕೊನೆಗೆ ನೀರು.

"ಅದೆಂಗೆ ಮೇಡಂ?" ಎಂದು ಅಮರನಾಥ್ ಎದ್ದ. "ಕೆಳಗಿನ ಬೀದಿ ಓಟು ಒಡೆದ್ಹೋಗಿತ್ತಲ್ಲ! ದೀಪಕ್ಕೆ ಇಷ್ಟು ಎಲ್ಲಿಂದ ಬಂತು?"

ಹಿಂದಿನ ಸಾಲಿನಲ್ಲಿ ಅವನ ಹೆಂಡತಿ ಸರಳಾ ಹೊಂಗೆ ಮರದ ತುದಿ ನೋಡುತ್ತಾ ಕೂತಿದ್ದಳು. ಅವಳ ಪಕ್ಕದ ಹೆಂಗಸರೂ ಅದೇ ಮರ ನೋಡುತ್ತಿದ್ದರು. ಮೇಲಿನ ಬೀದಿಯ ಹೆಣ್ಣುಮಕ್ಕಳೂ ಬರುವುದು ಅದೇ ಬಸ್ಸಿನಲ್ಲಿ, ಅದೇ ತೋಪಿನ ದಾರಿಯಲ್ಲಿ; ಮನೆಯ ಫೋನು ಅವರಮ್ಮಂದಿರ ಕೈಗೂ ಸಿಗುತ್ತದೆ. ಅಮರನಾಥ್ ಒಮ್ಮೆ ಹಿಂತಿರುಗಿ ನೋಡಿ ಕೂತ.

"ಕೆಳಗಿನ ಬೀದಿಯಿಂದ ಏನಾದ್ರೂ ಹೇಳೋದಿದ್ಯಾ?" ಎಂದು ಆಶಾರಾಣಿ ರೂಢಿಯಂತೆ ಮುನಿಲಕ್ಷ್ಮಿಯ ಕಡೆ ನೋಡಿದಳು. ಸಭೆಯೂ ನೋಡಿತು. ಮುನಿಲಕ್ಷ್ಮಿ ಎದ್ದು ನಿಂತಳು.

"ಮೊದ್ಲು ನನ್ ನಂಬರು ತೆಗೆದು ಅವರವರ ನಂಬರು ಬರ್ಕೊಳ್ಳಿ, ಮೇಡಂ. ಇನ್ನು ದೀಪದ ಮಾತು ನಂಗೊತ್ತಿಲ್ಲ." ಕಂಬದ ಕಡೆ ತಿರುಗಿದಳು. "ಭಾರತಮ್ಮಾ, ನೀನ್ ಹೇಳೇ."

ಭಾರತಮ್ಮ ಕಂಬ ಹಿಡಿದುಕೊಂಡೇ ಎದ್ದಳು.

"ಮೊದಲ್ನೇ ಕಂಬ ಬಸ್ಸು ನಿಲ್ಲೋ ಕಡೆ ಬೇಡ. ಬಸ್ಸಿಗೆ ಅದರದೇ ಲೈಟೈತೆ. ತೋಪಿನ ತಿರುವಲ್ಲಿ ಹಾಕಿ. ಜಾಗ ನಾನ್ ತೋರಿಸ್ತೀನಿ, ದಿನಾ ನಿಲ್ಲೋಳು ನಾನು."

ಸಭೆಯಲ್ಲಿ ಮಗನೂ ಕೂತಿದ್ದ, ತಲೆಯೆತ್ತಿ ತಾಯಿಯನ್ನು ನೋಡಿದ. ಅವಳು ಅವನ ಕಡೆ ತಿರುಗಲಿಲ್ಲ. ಕೂರಲು ಹೋದವಳು ಮತ್ತೆ ನಿಂತಳು.

"ಇನ್ನೊಂದು, ಮೇಡಂ. ಬರೋ ವರ್ಷ ನೀರು. ಅದನ್ನ ಕೇಳೋಕೆ ಮುನಿಲಕ್ಷ್ಮಿ ಒಬ್ಳೇ ಬರಲ್ಲ, ನಾವೆಲ್ಲ ಬರ್ತೀವಿ."