ಮೂರನೇ ಟೇಕ್

ಚಿರಂತನ್ ಸ್ಮಶಾನದ ಚಾಪೆಲ್‌ನ ಸ್ಪೀಕರಿಗೆ ಫೋನು ಜೋಡಿಸುತ್ತಿದ್ದಾಗ ಇಂದುಮತಿ ಬಂದು ಅವನ ಕೈ ಹಿಡಿದಳು.

“ಹಾಡು ಆಮೇಲೆ. ಮೊದ್ಲು ಹೇಳು, ಅವತ್ತು ಸ್ಟುಡಿಯೋದಲ್ಲಿ ಅವ್ರು ಕೊನೆಗೆ ಏನು ಮಾತಾಡಿದ್ರು?”

ಈ ಪ್ರಶ್ನೆಯಿಂದ ಅವನು ಮೂರು ವಾರ ತಪ್ಪಿಸಿಕೊಂಡಿದ್ದ. ಸ್ವೀಡನ್ನಿನಲ್ಲಿ ಅಂತ್ಯಕ್ರಿಯೆಗೆ ದಿನ ಸಿಗಲು ಅಷ್ಟು ಕಾಲ ಹಿಡಿದಿತ್ತು. ಈಗ ಅವಳ ಗಂಡ ಗಂಗಾಧರ ನಾಲ್ಕೇ ಹೆಜ್ಜೆ ದೂರದಲ್ಲಿ, ಬಿಳಿಯ ಪೆಟ್ಟಿಗೆಯೊಳಗೆ ಮಲಗಿದ್ದ.

ಕಾರ್ಲ್‌ಸ್ಕ್ರೂನಾದ ಟೆಲಿಕಾಂ ಕಂಪನಿಯಲ್ಲಿ ಹದಿನಾಲ್ಕು ವರ್ಷ ಸಾಫ್ಟ್‌ವೇರ್ ಪರೀಕ್ಷಿಸಿದವನು. ಮೀಟಿಂಗಿನಲ್ಲಿ ಬಾಯಿ ಬಿಟ್ಟವನಲ್ಲ. ಒಮ್ಮೆ ಫಿಕಾ ಎಂಬ ಕಾಫಿ ವಿರಾಮ ಮುಗಿಸಿ ಕಪ್ಪು ತೊಳೆಯುತ್ತ ಅವನು ಗುನುಗಿದ್ದು ಸಹೋದ್ಯೋಗಿ ಲಾವಣ್ಯಾಳ ಕಿವಿಗೆ ಬಿತ್ತು. ಅವಳೂ ಪಿಎಚ್‌ಡಿ ಮಾಡುತ್ತಿದ್ದ ಚಿರಂತನನೂ ಸೇರಿ ಕಟ್ಟಿದ್ದ ಅಮೆರಿಕನ್ ಸೋಲ್ ಸಂಗೀತದ ತಂಡಕ್ಕೆ ಕೆಳಸ್ಥಾಯಿಯ ದನಿಯೊಂದು ಬೇಕಿತ್ತು. ಐವತ್ತನೆಯ ವಯಸ್ಸಿನಲ್ಲಿ ಗಂಗಾಧರ ಹಾಡುಗಾರನಾದ. ಎರಡು ವರ್ಷದ ಬಳಿಕ ಮೊದಲ ಆಲ್ಬಮ್ ಮುಗಿಯುತ್ತ ಬಂತು. ಉಳಿದಿದ್ದದ್ದು ಕೊನೆಯ ಹಾಡಿನಲ್ಲಿ ಅವನೊಬ್ಬನೇ ಹಾಡಬೇಕಾದ ನಾಲ್ಕು ಸಾಲು.

“ಹೇಳ್ಬಿಡು, ಚಿರಂತನ್,” ಎಂದಳು ಪಕ್ಕದಲ್ಲಿ ನಿಂತಿದ್ದ ಲಾವಣ್ಯಾ.

*

ಅವತ್ತು ಸ್ಟುಡಿಯೋವನ್ನು ಐದಕ್ಕೆ ಬಿಟ್ಟುಕೊಡಬೇಕಿತ್ತು. ಎರಡು ಟೇಕ್ ಆಗಿದ್ದವು. ಗಂಗಾಧರ ಹೆಡ್‌ಫೋನ್ ಕಿವಿಯಿಂದ ಸರಿಸಿದ.

“ಸ್ವಲ್ಪ ಕೂತ್ಕೊಳ್ಲೇನೋ? ಎದೆ ಹಿಡಿದ ಹಾಗಿದೆ.”

“ಇನ್ನೊಂದೇ ಒಂದ್ಸಲ, ಗಂಗಣ್ಣ. ಟೈಮ್ ಇಲ್ಲ,” ಎಂದ ಚಿರಂತನ್.

ಗಂಗಾಧರ ನಕ್ಕು, ನಿಂತೇ ಹಾಡಿದ. ಹಾಡು ಮುಗಿದಾಗ ಗಾಜಿನ ಈಚೆಗಿದ್ದ ಚಿರಂತನ್, ಲಾವಣ್ಯಾ ಇಬ್ಬರೂ ಚಪ್ಪಾಳೆ ತಟ್ಟಿದರು. ಅವನು ಅಷ್ಟು ಚೆನ್ನಾಗಿ ಎಂದೂ ಹಾಡಿರಲಿಲ್ಲ. ಮನೆಗೆ ಹೋಗುವ ಬಸ್ಸಿನಲ್ಲಿ ಅವನು ಕಿಟಕಿಗೆ ತಲೆಯಾನಿಸಿದ. ಕೊನೆಯ ಸ್ಟಾಪಿನಲ್ಲಿ ಡ್ರೈವರ್ ಬಂದು ಭುಜ ಮುಟ್ಟಿದರೂ ಏಳಲಿಲ್ಲ.

*

“ಮೈಕ್ ಆನ್ ಇತ್ತು, ಅಕ್ಕ. ಎಲ್ಲ ರೆಕಾರ್ಡ್ ಆಗಿದೆ.”

ಇಂದುಮತಿ ಇಯರ್‌ಫೋನಿಗೆ ಕೈ ಚಾಚಿದಳು. ಕಣ್ಣು ಮುಚ್ಚಿ ಒಮ್ಮೆ ಕೇಳಿದಳು. ಮತ್ತೊಮ್ಮೆ ಕೇಳಿದಳು.

“ಆಲ್ಬಮ್‌ನಲ್ಲಿ ಇರೋದು ಇದೇನಾ?”

“ಹೂಂ. ಮಾತಾಡಿದ್ದು ಮಾತ್ರ ಕಟ್ ಮಾಡಿದೀನಿ.”

“ಯಾಕೆ?”

“ಭಯ ಆಯ್ತು.” ಅವನು ಸ್ಪೀಕರಿನ ವೈರನ್ನು ಬೆರಳಿಗೆ ಸುತ್ತಿದ. “ದಿನಾ ಕೇಳ್ಸತ್ತೆ ಅಕ್ಕ. ಲ್ಯಾಬಲ್ಲಿ, ಬಸ್ಸಲ್ಲಿ... ಕೂತ್ಕೊಳ್ಲೇನೋ ಅಂತಾರೆ.”

ಅವಳು ಸಮಾಧಾನ ಹೇಳಲಿಲ್ಲ.

“ವಾಪಸ್ ಸೇರ್ಸು. ಅವ್ರ ಮಾತೂ ಇರ್ಲಿ, ನಿನ್ನ ಮಾತೂ ಇರ್ಲಿ. ಇವತ್ತು ನೀವಿಬ್ರೇ ಹಾಡಿ. ಅವ್ರ ಸಾಲು ಬಂದಾಗ ಸುಮ್ನಿರಿ.”

ಇಬ್ಬರೂ ಹಾಡಿದರು. ಗಂಗಾಧರನ ಸಾಲು ಬಂದಾಗ ನಿಲ್ಲಿಸಿದರು. ಇಂದುಮತಿ ಮುಂದೆ ಹೋಗಿ ಪೆಟ್ಟಿಗೆಯ ಮುಚ್ಚಳದ ಮೇಲೆ ಎರಡೂ ಅಂಗೈ ಒತ್ತಿ ನಿಂತಳು, ಒಳಗಿನ ಕಂಪನ ಹಲಗೆಯನ್ನು ದಾಟಿ ಬರುವುದನ್ನು ಕಾಯುವವಳಂತೆ. ನಾಲ್ಕು ಸಾಲಿನಷ್ಟು ಹೊತ್ತು ಕಳೆಯಿತು. ಚಿರಂತನ್ ಮುಂದಿನ ಸಾಲಿಗೆ ಉಸಿರೆಳೆದುಕೊಂಡ. ಅವಳು ತಲೆಯೆತ್ತದೆ, ಗಂಗಾಧರನ ಹಾಡು ಇನ್ನೂ ಇದೆ ಎಂಬಂತೆ, ಒಂದು ಬೆರಳೆತ್ತಿ ಅವನನ್ನು ತಡೆದಳು.