ಎರಡೋ ಮೂರೋ

ಹೊಸ ಜುಬ್ಬದ ತೋಳು ಕಿವಿಯನ್ನು ಸವರಿತು, ಇನ್ನೂ ನೀರು ಕಾಣದ ಬಟ್ಟೆಯ ಸರಸರ, ಅಂದರೆ ಕೈ ಎತ್ತಿದ್ದಾಯಿತು, ಅಲ್ಲಾಹು ಅಕ್ಬರ್ ಅಂದದ್ದೂ ಆಯಿತು, ಕೈ ಇಳಿಬಿಟ್ಟದ್ದೂ ಆಯಿತು — ಆದರೆ ಇದು ಎರಡನೆಯದೋ ಮೂರನೆಯದೋ? ಬೈಂಡರ್ ಸಾಹೇಬರ ಬೆನ್ನ ಹಿಂದೆ ಮುನ್ನೂರು ಜನ, ಅತ್ತರಿನ ಘಮ, ಒಂದು ಮಗುವಿನ ಕೆಮ್ಮು, ಎಲ್ಲ ಕಿವಿಗಳೂ ಅವರ ಬಾಯನ್ನೇ ಕಾಯುತ್ತಿವೆ, ಹಬ್ಬದ ನಮಾಜಿಗೆ ಹೀಗೆ ಕೈಯೆತ್ತಿ ಹೇಳುವ ತಕ್ಬೀರು ಆರು ಹೆಚ್ಚು, ನಮಾಜಿನ ಮೊದಲ ಸುತ್ತಿಗೆ, ಮೊದಲ ರಕಅತ್ತಿಗೆ ಮೂರು, ಈ ಎರಡನೆಯದಕ್ಕೆ ಮೂರು, ಮೂರಾದ ಮೇಲೆ ಬಾಗುವುದು, ಇದೇನು ಕಬ್ಬಿಣದ ಕಡಲೆಯೇ, ಇಪ್ಪತ್ತಾರು ವರ್ಷ ಇದೇ ಮಸೀದಿಯಲ್ಲಿ ಮುಂದೆ ನಿಂತು ನಮಾಜು ನಡೆಸಿದವರು, ವಾರವೆಲ್ಲ ಪುಸ್ತಕ ಹೊಲಿಯುವ ಕೈ, ಕಣ್ಣು ಮುಚ್ಚಿ ಹಾಳೆ ಎಣಿಸುವ ಬೆರಳು, ಆ ಬೆರಳೇ ಮೊನ್ನೆ ಒಂದು ನಿಘಂಟಿನ ಹದಿನಾರು ಪುಟಗಳನ್ನು ತಲೆಕೆಳಗಾಗಿ ಹೊಲಿದಿತ್ತು, ಗಿರಾಕಿ ನಕ್ಕ, ಏನ್ ಸಾಹೇಬ್ರೆ, ಇದನ್ನ ಶೀರ್ಷಾಸನ ಹಾಕಿ ಓದ್ಬೇಕಾ, ಅವರೂ ನಕ್ಕರು, ಗಿರಾಕಿ ಹೋದ ಮೇಲೆ ಹದಿನಾರು ಪುಟಗಳನ್ನೂ ಬಿಚ್ಚಿ ಮತ್ತೆ ಹೊಲಿದರು. ಉಪವಾಸದ ಹತ್ತನೆಯ ದಿನ ನಡುಮಧ್ಯಾಹ್ನ ಬಾಳೆಹಣ್ಣು ಸುಲಿದು ತಿಂದರು, ಹೆಂಡತಿ ಬಾಯಿ ಮೇಲೆ ಕೈ ಇಟ್ಟುಕೊಂಡಳು, ಆಮೇಲೆ, ಹೋಗ್ಲಿ ಬಿಡಿ, ಮರೆತು ತಿಂದ್ರೆ ಉಪವಾಸ ಮುರಿಯಲ್ಲ, ದೇವರೇ ತಿನ್ನಿಸಿದ ಅಂದ್ಕೊಳ್ಳಿ. ಹದಿಮೂರನೆಯ ದಿನವೂ ದೇವರು ತಿನ್ನಿಸಿದ, ಹದಿನೆಂಟಕ್ಕೂ, ಇಪ್ಪತ್ತೊಂದನೆಯ ದಿನ ಅವಳು ನಗಲಿಲ್ಲ, ಹಣ್ಣಿನ ಬುಟ್ಟಿಯನ್ನು ಎತ್ತಿ ಅಟ್ಟದ ಮೇಲಿಟ್ಟಳು. ಮಗನಿಗಾದ್ರೂ ಹೇಳೋಣ ಅಂದಳು, ಬೇಡವೇ ಬೇಡ ಅಂದರು, ದೂರದಿಂದ ಹಬ್ಬಕ್ಕೆಂದೇ ಬರುವವನು, ಬಸ್ಸಿಳಿದು ನೇರ ಮಸೀದಿಗೇ ಬರುತ್ತಾನಂತೆ, ಅವನ ಬಾಯಿಯ ಸಿಹಿ ಯಾಕೆ ಕಹಿ ಮಾಡುವುದು. ಇವತ್ತು ಬೆಳಗ್ಗೆ ಅವರ ಸ್ನಾನವಾದ ಮೇಲೆ ಖರ್ಜೂರ ಬಾಯಿಗಿಟ್ಟು, ಬಡವರ ಪಾಲಿನ ಗೋಧಿ ಕಳಿಸಿಯಾಯ್ತು ಅಂದಳು, ಕಾಲರ್ ಸರಿಮಾಡುತ್ತ ಮೆಲ್ಲಗೆ, ಹೋದ ದಾರೀಲೇ ವಾಪಸ್ ಬನ್ನಿ. ಹಬ್ಬದ ದಿನ ಒಂದು ದಾರಿಯಲ್ಲಿ ಹೋಗಿ ಇನ್ನೊಂದರಲ್ಲಿ ಬರುವುದು ಪದ್ಧತಿ, ಎರಡು ಬೀದಿಗೂ ಸಲಾಂ ಮುಟ್ಟಲಿ ಅಂತ, ಒಂದು ಪದ್ಧತಿಯನ್ನೂ ಬಿಡದ ಅವಳೇ ಹಾಗೆ ಹೇಳಿದಳೆಂದರೆ ಅವಳಿಗೂ ಗೊತ್ತು, ಬೇರೆ ಬೀದಿ ಈಗ ಅವರ ಪಾಲಿಗೆ ಕಾಡು. ಅವರ ಅಪ್ಪನಿಗೂ ಹೀಗೇ ಶುರುವಾದದ್ದು, ಕೊನೆಕೊನೆಗೆ ಕನ್ನಡಿಯೊಳಗಿನ ಮುದುಕನಿಗೆ ಸಲಾಂ ಹೇಳಿ, ಯಾಕೆ ಹೊರಗೇ ನಿಂತ್ರಿ, ಬನ್ನಿ, ಊಟ ಮಾಡಿ ಅನ್ನುತ್ತಿದ್ದರು — ಕೆಮ್ಮು ನಿಂತಿತು, ಮೌನ ಉದ್ದವಾಯಿತು, ಯಾರೋ ಗಂಟಲು ಸರಿಮಾಡಿದರು, ಬಾಗಲೇ, ಕೈ ಎತ್ತಲೇ, ಎರಡೋ, ಮೂರೋ.

ಸುಬ್ಹಾನಲ್ಲಾಹ್. ಹಿಂದಿನ ಸಾಲಿನಿಂದ ಒಂದು ಹರೆಯದ ದನಿ, ಮುಂದೆ ನಿಂತವನು ತಡವರಿಸಿದರೆ ಹಿಂದಿನವರು ಕೊಡುವ ಎಚ್ಚರ, ಅವರು ಊಹೆಯ ಮೇಲೆ ಕೈ ಎತ್ತಿದರು, ಅಲ್ಲಾಹು ಅಕ್ಬರ್, ಇನ್ನು ಯಾರೂ ಎಚ್ಚರಿಸಲಿಲ್ಲ, ಅಂದರೆ ಸರಿ, ಬಾಗಿದರು, ಹಣೆ ನೆಲಕ್ಕೆ ತಾಗಿತು, ನೆಲ ತಣ್ಣಗಿತ್ತು, ಬದುಕಿದೆಯಾ ಬಡಜೀವವೇ. ಪ್ರವಚನವನ್ನು ಕಾಗದ ನೋಡಿ ಓದಿದರು, ಕಾಗದ ಕೈ ಕೊಡಲಿಲ್ಲ, ಆಮೇಲೆ ಆಲಿಂಗನಗಳ ನೂಕುನುಗ್ಗಲು, ಗಡಿಯಾರ ರಿಪೇರಿಯವ, ಹಾಲಿನವ, ಈದ್ ಮುಬಾರಕ್, ಈದ್ ಮುಬಾರಕ್, ಎಲ್ಲರ ಗುರುತೂ ಸಿಕ್ಕಿತು, ಜೀವ ಹಗುರಾಯಿತು, ಆಗ ಒಬ್ಬ ಜನರನ್ನು ಸರಿಸಿಕೊಂಡು ಬಂದು ಗಟ್ಟಿಯಾಗಿ ತಬ್ಬಿಕೊಂಡ, ಒಂದು ಸಲ, ಎರಡು ಸಲ, ಮೂರು ಸಲ, ಕಿವಿಯ ಹತ್ತಿರ ಅದೇ ಹರೆಯದ ದನಿ, ಗಾಬರಿ ಆಯ್ತಾ ಅಬ್ಬಾ, ಹಿಂದೆ ನಾನಿದ್ದೆನಲ್ಲ. ಭುಜ ಹಿಡಿದು ದೂರ ನಿಲ್ಲಿಸಿ ನೋಡಿದರು, ಮೂವತ್ತರ ಆಸುಪಾಸು, ದಪ್ಪ ಹುಬ್ಬು, ಅವಸರದ ಕ್ಷೌರ, ಗದ್ದದ ಮೇಲೆ ಸಾಸಿವೆಯಷ್ಟು ರಕ್ತ. ಅಬ್ಬಾ ಅಂದ, ಅಂದರೆ ಮಗ, ತನ್ನ ಮಗ, ಲೆಕ್ಕ ಸರಿಯಿದೆ, ಮುಖದ ಗುರುತು ಮಾತ್ರ ಸಿಗುತ್ತಿಲ್ಲ, ಹಣೆ ಇದೆ, ಮೂಗು ಇದೆ, ನಗುವೂ ಇತ್ತು, ಈಗ ಮಾಸುತ್ತಿದೆ, ಯಾಕೆ ಅಬ್ಬಾ, ಯಾಕೆ ಹಾಗೆ ನೋಡ್ತಿದ್ದೀರಿ, ಗದ್ದದ ಮೇಲೆ ಸಾಸಿವೆಯಷ್ಟು ರಕ್ತ, ಅಬ್ಬಾ, ನಾನು — ಸಾಸಿವೆಯಷ್ಟು ರಕ್ತ, ಸಾಸಿವೆಯಷ್ಟು